ಮೂರು ಸಲ ಕೂಗಿದ ಪೆಟ್ಟಿಗೆ

ಮೂರು ವಾರ ಕೂತು ತಾನೇ ಜೋಡಿಸಿದ ಕಂಪ್ಯೂಟರಿನ ಗುಂಡಿಯನ್ನು ಕನ್ನಡಕದ ಅಂಗಡಿಯವನು ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಸರಿಯಾಗಿ ಒತ್ತಿದ. ಒಳಗೆ ಫ್ಯಾನು ತಿರುಗಿತು, ಕೆಂಪು ದೀಪ ಹತ್ತಿತು, ಪೆಟ್ಟಿಗೆ 'ಕೀಂ, ಕೀಂ, ಕೀಂ' ಎಂದು ಮೂರು ಸಲ ಕೂಗಿತು. ಪರದೆ ಮಾತ್ರ ಕಪ್ಪಗೇ ಉಳಿಯಿತು. ಇನ್ನೊಮ್ಮೆ ಒತ್ತಿದ. ಅದೇ ಮೂರು ಕೂಗು, ಅದೇ ಕತ್ತಲೆ.

ಎಲ್ಲರ ಹಾಗೆ ಅಂಗಡಿಗೆ ಹೋಗಿ ಸಿದ್ಧವಾದದ್ದನ್ನು ತಂದಿದ್ದರೆ ಈ ಪಾಡು ಇರುತ್ತಿರಲಿಲ್ಲ. ಆದರೆ ಅವನಿಗೊಂದು ಛಲ. ಆರು ವರ್ಷದ ಹಿಂದೆ ಅವನು ಹೆಣ್ಣು ಕೇಳಲು ಹೋದಾಗ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್ ಆಗಿದ್ದ ಮಾವ ಅವನ ಕೈಗೆ ಸ್ಕ್ರೂಡ್ರೈವರ್ ಕೊಟ್ಟು, ಬಾಗಿಲ ಪಕ್ಕದ ಸ್ವಿಚ್ಚನ್ನು ಸರಿಮಾಡು ಎಂದಿದ್ದರು. ಸ್ವಿಚ್ಚು ಸರಿಯಾಗಲಿಲ್ಲ, ಗೋಡೆಯ ಗಾರೆ ಸಮೇತ ಕಿತ್ತು ಕೈಗೆ ಬಂತು. "ಒಂದು ಸ್ವಿಚ್ ಹಾಕೋಕೆ ಬರದವನು ಸಂಸಾರ ಏನು ನಡೆಸ್ತಾನೆ?" ಎಂದು ಮಾವ ಎದ್ದು ಒಳಗೆ ಹೋದರು. ಮದುವೆ ಆಯಿತು, ಮಾವ ಬರಲಿಲ್ಲ. ನಾಲ್ಕೇ ಬೀದಿ ಆಚೆ ಇದ್ದರೂ ಮಗಳ ಮನೆಯ ಹೊಸ್ತಿಲು ತುಳಿಯಲಿಲ್ಲ.

ಹೆಂಡತಿ ಈ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಆದರೆ ಕರೆಗಂಟೆ ಆದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಹೋಗಿ ಬಾಗಿಲು ತೆಗೆಯುವಳು, ತೆಗೆದ ಮೇಲೆ ನಿಧಾನವಾಗಿ ವಾಪಸ್ಸು ಬರುವಳು. ಆ ನಿಧಾನ ನೋಡಲಾಗದೆ ಅವನು ಪೇಪರಿನ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದ. ಸ್ವಿಚ್ಚು ಕಿತ್ತವನು ಇಡೀ ಕಂಪ್ಯೂಟರನ್ನೇ ಕಟ್ಟಿದನಂತೆ ಎಂಬ ಸುದ್ದಿ ನಾಲ್ಕು ಬೀದಿ ದಾಟಿ ಹೋದರೆ, ಮಾವ ನೋಡುವ ಆಸೆಗಾದರೂ ಬರಬಹುದು ಎಂಬುದು ಅವನ ಲೆಕ್ಕಾಚಾರ.

ಕೂಗು ಕೇಳಿ ಹೆಂಡತಿ ಅಡುಗೆಮನೆಯಿಂದ ಬಂದಳು. "ಅಪ್ಪನ್ನ ಒಂದು ಮಾತು ಕೇಳಲಾ?"

"ಬೇಡ ಬೇಡ! ಸರಿಹೋದ ಮೇಲೆ ಕರಿ, ನೋಡಿ ಮೆಚ್ಚಲಿ. ಕೆಟ್ಟು ಕೂತಿರೋದನ್ನ ತೋರಿಸೋಕೆ ಯಾಕೆ ಕರೀಬೇಕು?"

ಅವನು ಪೆಟ್ಟಿಗೆ ಬಿಚ್ಚಿ, ಎಲ್ಲ ವೈರುಗಳನ್ನೂ ಕಳಚಿ, ಮತ್ತೆ ಸಿಕ್ಕಿಸಿ ಗುಂಡಿ ಒತ್ತಿದ. ಕೀಂ, ಕೀಂ, ಕೀಂ. ಒಂಬತ್ತನೆಯ ಸಲದ ಕೂಗಿಗೆ ಪಕ್ಕದ ಮನೆಯ ಬಸ್ ಡ್ರೈವರ್ ಬನಿಯನ್ನಿನಲ್ಲೇ ಬಂದು ನಿಂತ.

"ಏನ್ ಸಾರ್, ಬೆಳಿಗ್ಗೆಯಿಂದ ರಿವರ್ಸ್ ತಗೋತಾ ಇದೀರಾ?"

"ಸ್ಟಾರ್ಟ್ ಆಗ್ತಿಲ್ಲ."

"ಹೊಸಾ ಗಾಡಿ ಹಾಗೇನೆ. ಒಂದ್ಸಲ ಅಲ್ಲಾಡಿಸಿದ್ರೆ ದಾರಿಗೆ ಬರುತ್ತೆ." ಅವನು ಬೇಡ ಬೇಡ ಎನ್ನುವಷ್ಟರಲ್ಲಿ ಡ್ರೈವರ್ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಗಡಗಡ ಅಲ್ಲಾಡಿಸಿಬಿಟ್ಟ. ಒಳಗೆಲ್ಲೋ ಒಂದು ಸ್ಕ್ರೂ ಕಳಚಿ ಟಣ್ ಟಣ್ ಎಂದು ಉರುಳಿತು.

ಸದ್ದಿಗೆ ಎದುರು ಮನೆಯ ನರ್ಸಮ್ಮ ಬಂದರು. ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಮಲಗಿದ್ದವರು. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, "ಮೈ ಬಿಸಿ ಇಲ್ಲ. ಉಸಿರಾಟ ಇದೆ. ಪ್ರಜ್ಞೆ ಮಾತ್ರ ಬರ್ತಿಲ್ಲ," ಎಂದು ಹೇಳಿ, ಗಾಳಿ ಬೇಕು, ಯಾರೂ ಗುಂಪು ಕಟ್ಟಬೇಡಿ ಎಂದು ಗದರಿ, ತಾವು ಮಾತ್ರ ಕುರ್ಚಿ ಎಳೆದುಕೊಂಡು ಕೂತರು.

ಮೂರನೆಯವರಾಗಿ ಬಂದವರು ಮೇಲಿನ ಮನೆಯ ನಿವೃತ್ತ ಹೆಡ್‌ಮಾಸ್ತರು. "ಕೈಪಿಡಿ ಎಲ್ಲಿ? ಯಾವುದನ್ನೇ ಆದರೂ ಮೊದಲಿನಿಂದ ಓದಬೇಕು," ಎಂದು ಕೈಪಿಡಿ ಹಿಡಿದು, ಒಂದನೆಯ ಪುಟದ ಧನ್ಯವಾದದಿಂದ ಶುರುಮಾಡಿ ಗಟ್ಟಿಯಾಗಿ ಓದತೊಡಗಿದರು. ಹನ್ನೊಂದು ಗಂಟೆಗೆ ಅವರು, ಈ ಯಂತ್ರವನ್ನು ನೀರಿನಲ್ಲಿ ಮುಳುಗಿಸಬಾರದು ಎಂಬಲ್ಲಿಗೆ ಬಂದಿದ್ದರು.

"ಅಪ್ಪನ್ನ..." ಎಂದಳು ಹೆಂಡತಿ.

"ಬೇಡ ಅಂದ್ನಲ್ಲ!" ಎಂದ ಅವನು. ಎಂದ ಮೇಲೆ, ದನಿ ಜೋರಾಯಿತೇನೋ ಎಂದು ತಾನೇ ಪೆಚ್ಚಾದ.

ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಎಂಬ ಗಾದೆಯೇನೋ ಇದೆ. ಆದರೆ ಇಲ್ಲಿ ಮೂವರೇ ಸೇರಿ ಇಡೀ ಕಟ್ಟಡದ ಕರೆಂಟನ್ನು ಸಾಯಿಸಿದರು. ಕರೆಂಟು ಸಾಲುತ್ತಿಲ್ಲ ಎಂದು ಹೆಡ್‌ಮಾಸ್ತರು ತೀರ್ಪು ಕೊಟ್ಟರು. ಸಾಲುತ್ತದೋ ಇಲ್ಲವೋ ನೋಡೇಬಿಡೋಣ ಎಂದು ಡ್ರೈವರ್ ಅದೇ ಬೋರ್ಡಿಗೆ ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಹೀಟರು ಎರಡನ್ನೂ ಸಿಕ್ಕಿಸಿದ. ಢಬ್ ಎಂದಿತು. ದೀಪಗಳು ಆರಿದವು. ಕಟ್ಟಡದ ಕಾರ್ಯದರ್ಶಿಯನ್ನು ಹೊತ್ತು ಮೇಲೇರುತ್ತಿದ್ದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತು. "ಯಾರ‍್ರೀ ಅದು?" ಎಂದು ಗೋಡೆಯೊಳಗಿಂದ ಬಂದ ಆರ್ಭಟಕ್ಕೆ ಮೂರೂ ಮಹಡಿಯವರು ಹೊರಗೆ ಬಂದರು. "ಕನ್ನಡಕದವರು ಕಂಪ್ಯೂಟರ್ ಮಾಡಿದಾರಂತೆ," ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದರು. ಸುದ್ದಿ ಹರಡಬೇಕೆಂದು ಅವನು ಬಯಸಿದ್ದು ನಿಜ. ಹೀಗಲ್ಲ.

ಕರೆಂಟು ಬಂದು, ಕಾರ್ಯದರ್ಶಿ ಬಿಡುಗಡೆಯಾಗಿ, ಅವರ ಬೈಗುಳವೂ ಮುಗಿಯುವ ಹೊತ್ತಿಗೆ ಒಂದು ಗಂಟೆ. ಅವನು ತಲೆಯ ಮೇಲೆ ಕೈಹೊತ್ತು ನೆಲದ ಮೇಲೆ ಕೂತಿದ್ದ. ಹೆಂಡತಿ ಪಕ್ಕದಲ್ಲಿ ಬಂದು ಕೂತಳು. ಈ ಸಲ ಅವಳು ಏನನ್ನೂ ಕೇಳಲಿಲ್ಲ. ಕೇಳದೆ ಕೂತವಳ ಮುಖ ನೋಡಿ ಅವನಿಗೆ ತಡೆಯಲಾಗಲಿಲ್ಲ. ನನ್ನ ಮರ್ಯಾದೆಯನ್ನು ಉಪ್ಪಿನಕಾಯಿ ಹಾಕಿಕೊಂಡು ಏನು ಮಾಡಲಿ ಎನ್ನಿಸಿತು.

"ಕರಿ," ಎಂದ.

ಅವಳು ಫೋನು ಮಾಡಿದಳು. ಅಮ್ಮನಿಗೆ ವಿಷಯ ಅರ್ಧ ಹೇಳುವಷ್ಟರಲ್ಲೇ ಫೋನು ಕೆಳಗಿಟ್ಟು ಕಣ್ಣರಳಿಸಿದಳು. "ಅಪ್ಪ ಆಗಲೇ ಚಪ್ಪಲಿ ಹಾಕ್ಕೊಂಡು ಹೊರಟ್ರಂತೆ!"

ಮಾವ ಬಂದರು. ಕೈಯಲ್ಲಿ ಹಳೆಯ ಚರ್ಮದ ಸಲಕರಣೆ ಚೀಲ. ಮೂಗಿನ ಮೇಲೆ ಒಂದು ಕಾಲು ಕಳಚಿ ತಂತಿ ಸುತ್ತಿದ ಕನ್ನಡಕ. ಸುತ್ತಮುತ್ತ ಇದ್ದದ್ದೊಂದೇ ಕನ್ನಡಕದ ಅಂಗಡಿ, ಅದು ಅಳಿಯನದು, ಆದ್ದರಿಂದ ತಂತಿ. ಹೊಸ್ತಿಲ ಬಳಿ ಒಂದು ಗಳಿಗೆ ನಿಂತು, ಕೆಮ್ಮಿ, ಒಳಗೆ ಕಾಲಿಟ್ಟರು. ನೆರೆದವರನ್ನು ಒಮ್ಮೆ ನೋಡಿದರು ಅಷ್ಟೇ. ಡ್ರೈವರ್, ನರ್ಸಮ್ಮ, ಹೆಡ್‌ಮಾಸ್ತರು ಎದ್ದು ತಮ್ಮ ತಮ್ಮ ಮನೆ ಸೇರಿದರು.

"ಇದನ್ನ ಯಾರು ಜೋಡಿಸಿದ್ದು ಅಂತ ಕೇಳು," ಎಂದರು ಮಗಳಿಗೆ.

"ಯಾರು ಜೋಡಿಸಿದ್ದು ಅಂತ ಕೇಳ್ತಿದಾರೆ," ಎಂದಳು ಅವಳು, ಎರಡಡಿ ದೂರದಲ್ಲಿದ್ದ ಗಂಡನಿಗೆ.

"ನಾನೇ ಅಂತ ಹೇಳು."

"ಅವರೇ ಅಂತೆ ಅಪ್ಪಾ."

"ಹೂಂ. ವೈರುಗಳನ್ನ ನೀಟಾಗಿ ಕಟ್ಟಿದಾನೆ ಅಂತ ಹೇಳು."

ಅವಳು ಅದನ್ನೂ ಹೇಳಿದಳು. ಅಳಿಯನ ಕಿವಿ ಕೆಂಪಾಯಿತು.

ಮಾವ ಪೆಟ್ಟಿಗೆಯೊಳಗೆ ಬಗ್ಗಿದಾಗ ಕನ್ನಡಕ ಜಾರಿ ಮೂಗಿನ ತುದಿಗೆ ಬಂತು. ಮೇಲೆ ತಳ್ಳಿದರು, ಮತ್ತೆ ಜಾರಿತು. ಅಳಿಯ ಕೈ ಚಾಚಿದ. ಮಾವ ಸ್ವಲ್ಪ ಹೊತ್ತು ಆ ಕೈಯನ್ನೇ ನೋಡಿ, ಕನ್ನಡಕ ತೆಗೆದು ಅದರ ಮೇಲಿಟ್ಟರು. ತಂತಿ ಬಿಚ್ಚಿ, ಕಾಲು ಕೂರಿಸಿ, ಎಳ್ಳಿನಷ್ಟು ಸಣ್ಣ ಸ್ಕ್ರೂ ಹಾಕಿ, ಗಾಜು ಒರೆಸಿ ಕೊಡಲು ಅವನಿಗೆ ಮೂರು ನಿಮಿಷ ಸಾಕಾಯಿತು. ಮಾವ ಹಾಕಿಕೊಂಡು ಅಳಿಯನ ಮುಖ ನೋಡಿದರು.

"ಈಗ ಕಾಣ್ತಿದೆ," ಎಂದರು, ನೇರವಾಗಿ ಅವನಿಗೇ. ಹೆಂಡತಿ ಟೀ ಮಾಡುವ ನೆಪದಲ್ಲಿ ಒಳಗೆ ಓಡಿದಳು. ಅವಳು ಕಣ್ಣೊರೆಸಿಕೊಂಡದ್ದು ಇಬ್ಬರಿಗೂ ಕಂಡಿತು, ಇಬ್ಬರೂ ಕಾಣದವರಂತೆ ಇದ್ದರು.

ಆಮೇಲೆ ಮಾವ ಟಾರ್ಚು ಕೇಳಿದರು, ಬಟ್ಟೆ ಕೇಳಿದರು, ಪೆಟ್ಟಿಗೆಗೆ ಕಿವಿಗೊಟ್ಟು ಹೂಂಗುಟ್ಟಿದರು. ಊಟ ಮಾಡಿದರು. ಎಕ್ಸ್‌ಚೇಂಜಿನಲ್ಲಿ ಇಲಿಯೊಂದು ಕೇಬಲ್ ಕಡಿದು, ಒಂದು ವಾರ ಇಡೀ ಊರಿನ ಫೋನುಗಳೆಲ್ಲ ಅಗ್ನಿಶಾಮಕ ದಳಕ್ಕೇ ಹೋಗುತ್ತಿದ್ದ ಕತೆ ಹೇಳಿದರು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳಿಗೆ ಹೀಗೂ ನಗಲು ಬರುತ್ತದೆಂದು ಅಳಿಯನಿಗೆ ಆರು ವರ್ಷದಲ್ಲಿ ಗೊತ್ತೇ ಇರಲಿಲ್ಲ. ನಡುನಡುವೆ ಮಾವ ಸೋರುತ್ತಿದ್ದ ನಲ್ಲಿ ಬಿಗಿ ಮಾಡಿದರು, ಕಿರುಗುಡುತ್ತಿದ್ದ ಬಾಗಿಲಿಗೆ ಎಣ್ಣೆ ಬಿಟ್ಟರು. ಕಂಪ್ಯೂಟರ್ ಒಂದನ್ನು ಬಿಟ್ಟು ಮನೆಯಲ್ಲಿ ಕೆಟ್ಟದ್ದೆಲ್ಲ ಸರಿಹೋಯಿತು.

ಆರು ಗಂಟೆಗೆ ಚೀಲ ಕಟ್ಟಿದರು. "ಇವತ್ತಿಗೆ ಆಗಲ್ಲ ಕಣಯ್ಯಾ. ಕಠಿಣ ಕೇಸು. ನಾಳೆ ಬಂದು ನೋಡ್ತೀನಿ. ಅಲ್ಲೀವರೆಗೂ ಯಾರೂ ಮುಟ್ಟಕೂಡದು."

ಮಾವ ಹೋದ ಮೇಲೆ ಅವನಿಗೆ ಸಂತೋಷವೂ ಆಯಿತು, ಬೇಸರವೂ ಆಯಿತು. ಇಂಥ ಪಳಗಿದ ಕೈಗೇ ಬಗ್ಗದಂಥ ತಪ್ಪು ತಾನೇನು ಮಾಡಿರಬಹುದು? ಅಷ್ಟರಲ್ಲಿ ಫೋನು ಬಂತು. ಅತ್ತೆ.

"ಅಳಿಯಂದ್ರೇ, ಮೆಲ್ಲಗೆ ಮಾತಾಡ್ತಿದೀನಿ, ಅವರು ಸ್ನಾನಕ್ಕೆ ಹೋಗಿದಾರೆ. ಅಂಗಿ ನೆನೆಸೋಣ ಅಂತ ಜೇಬಿಗೆ ಕೈ ಹಾಕಿದ್ರೆ ಉದ್ದಕ್ಕೊಂದು ಹಸಿರು ಪಟ್ಟಿ ಸಿಕ್ತು. ಏನ್ರೀ ಇದು ಅಂದ್ರೆ ಕದ್ದು ಸಿಕ್ಕಿಬಿದ್ದ ಮಗು ಥರ ಮುಖ ಮಾಡಿದ್ರು. ನಿಮ್ಮ ಕಂಪ್ಯೂಟರಿನ ಮೆಮೊರಿಯಂತೆ. ಅದು ಪೂರ್ತಿ ಕೂತಿರಲಿಲ್ಲವಂತೆ. ಒಂದ್ಸಲ ಗಟ್ಟಿಯಾಗಿ ಒತ್ತಿದ್ರೆ ಮುಗೀತಿತ್ತಂತೆ."

"ಮತ್ತೆ... ಒತ್ತಬಹುದಿತ್ತಲ್ಲ ಅತ್ತೆ?"

"ನಾನೂ ಅದನ್ನೇ ಕೇಳಿದೆ. 'ಐದು ನಿಮಿಷಕ್ಕೆ ಸರಿಮಾಡಿಬಿಟ್ರೆ ನಾಳೆ ಯಾವ ನೆಪ ಹೇಳ್ಕೊಂಡು ಹೋಗ್ಲೇ?' ಅಂದ್ರು. ನೀವು ಬಂದು ತಗೊಂಡು ಹೋಗಿ, ಪಾಪ, ಕಷ್ಟಪಟ್ಟು ಮಾಡಿದೀರಿ."

ನಾಲ್ಕು ಬೀದಿ. ಹೋಗಿ ಬಂದರೆ ಅರ್ಧ ಗಂಟೆಯಲ್ಲಿ ಪರದೆ ಬೆಳಗುತ್ತಿತ್ತು. ಹೆಡ್‌ಮಾಸ್ತರನ್ನು, ಡ್ರೈವರನ್ನು, ಕಾರ್ಯದರ್ಶಿಯನ್ನು ಸಾಲಾಗಿ ಕರೆದು ತೋರಿಸಬಹುದಿತ್ತು. ಅವನು ಅಡುಗೆಮನೆಯ ಕಡೆ ನೋಡಿದ. ಹೆಂಡತಿ ಅಪ್ಪ ಕುಡಿದಿಟ್ಟ ಲೋಟವನ್ನು ತೊಳೆಯುತ್ತ, ಇಲಿಯ ಕತೆ ನೆನೆದು ಒಬ್ಬಳೇ ನಗುತ್ತಿದ್ದಳು.

"ಅತ್ತೇ," ಎಂದು ಅವನು ಪಿಸುಗುಟ್ಟಿದ, "ಅದನ್ನ ನೀರಿಗೆ ಮಾತ್ರ ಹಾಕಬೇಡಿ. ನಾಳೆ ಹಾಕ್ಕೊಳ್ಳೋ ಅಂಗಿ ಜೇಬಿಗೆ ಸೇರಿಸಿಬಿಡಿ. ನನಗೆ ಗೊತ್ತಾಯ್ತು ಅಂತ ಹೇಳಬೇಡಿ."

ಫೋನು ಇಟ್ಟಾಗ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. "ಅಮ್ಮ ಏನಂದ್ಲು?"

"ನಿಮ್ಮಪ್ಪ ಮನೇಲೂ ಅದನ್ನೇ ಯೋಚಿಸ್ತಿದಾರಂತೆ. ಭಾರಿ ಕಠಿಣ ಕೇಸಂತೆ."

"ಅಯ್ಯೋ. ಎಷ್ಟು ದಿನ ಬೇಕಾಗಬಹುದಂತೆ?"

"ಹೇಳೋಕಾಗಲ್ಲ. ವರ್ಷ ಹಿಡಿದ್ರೂ ಹಿಡೀಬಹುದು."

ತೆರೆದ ಬಾಗಿಲಿನಿಂದ ಡ್ರೈವರ್ ತಲೆ ತೂರಿಸಿದ. "ಏನ್ ಸಾರ್, ಸ್ಟಾರ್ಟ್ ಆಯ್ತಾ?"

"ಎಲ್ಲಿ ಆಗುತ್ತೆ!" ಎಂದು ಅವನು ಮೂರೂ ಮಹಡಿಗೆ ಕೇಳುವ ಹಾಗೆ, ಎದೆಯುಬ್ಬಿಸಿ ಹೇಳಿದ. "ನಮ್ಮ ಮಾವನ ಕೈಲೇ ಆಗಲಿಲ್ಲ!"