ಜ್ವರವಿಲ್ಲದೆ ರಜೆಯಿಲ್ಲ

ಚನ್ನಕೇಶವನ ಅರೆತಲೆನೋವಿಗೆ ಒಂದು ಕೆಟ್ಟ ಚಾಳಿಯಿತ್ತು. ಅದು ಬಂದಾಗ ಮೈ ಬಿಸಿಯಾಗುವ ಬದಲು ತಣ್ಣಗಾಗುತ್ತಿತ್ತು. ಅವನು ಗುಮಾಸ್ತನಾಗಿದ್ದ ಯಶವಂತಪುರದ ಹೆಂಚಿನ ಡಿಪೊದಲ್ಲಾದರೋ ಜ್ವರವಿಲ್ಲದೆ ರಜೆಯಿಲ್ಲ. ಮ್ಯಾನೇಜರ್ ವೆಂಕಟರಾಮಯ್ಯನವರು ಜೇಬಿನಲ್ಲಿ ಪೆನ್ನಿನ ಪಕ್ಕ ಥರ್ಮಾಮೀಟರ್ ಸಿಕ್ಕಿಸಿಕೊಂಡೇ ಓಡಾಡುವವರು. ಬಿಸಿಲಿಗೆ ಬಂದರೆ ಎಡಗಣ್ಣು ಮುಚ್ಚಿ ನೋಡುವ ಅವರ ನೋಟಕ್ಕೇ ಹಮಾಲಿಗಳು ಹೆದರುತ್ತಿದ್ದರು.

"ತಲೆನೋವು ಅಂತ ಯಾರ್ ಬೇಕಾದ್ರೂ ಹೇಳ್ಬಹುದು ಕಣ್ರೀ. ಪಾದರಸ ಸುಳ್ಳು ಹೇಳಲ್ಲ," ಅನ್ನುತ್ತಿದ್ದರು. ಇನ್ನೊಂದು ಸಲ ಸುಳ್ಳು ಜ್ವರವಾದರೆ ಕೆಲಸವೇ ಇಲ್ಲವೆಂದು ಚನ್ನಕೇಶವನಿಗೆ ಎಚ್ಚರಿಕೆಯೂ ಆಗಿತ್ತು.

ಆ ಸೋಮವಾರ ಅವನ ಬಲಗಣ್ಣಿನ ಹಿಂದೆ ಯಾರೋ ಒನಕೆ ಹಿಡಿದು ಕುಟ್ಟತೊಡಗಿದರು. ಬೇರೆ ದಾರಿ ಕಾಣದೆ 'ವಿಪರೀತ ಜ್ವರ' ಎಂದೇ ಚೀಟಿ ಕಳಿಸಿ, ಕಿಟಕಿ ಮುಚ್ಚಿಕೊಂಡು ಮಲಗಿದ.

ವಠಾರದಲ್ಲಿ ಮುಚ್ಚಿದ ಕಿಟಕಿಗಿಂತ ದೊಡ್ಡ ಡಂಗುರ ಬೇರೆ ಬೇಕೆ? ಎದುರುಮನೆಯ ದೊಡ್ಡಮುನಿಯಮ್ಮ ಬಂದು ಹಣೆ ಮುಟ್ಟಿದಳು. "ಅಯ್ಯೋ ಮಗಾ, ಅಣೆ ಕೆಂಡ ಆಗದೆ! ಉಷ್ಣ ಕಣಪ್ಪ. ಗಂಧ ಅಚ್ಚಬೇಕು."

ಪಕ್ಕದ ಮನೆಯ ಟೈಲರ್ ಖಾದರ್ ಬಾಷಾ ಪಾದ ಮುಟ್ಟಿದ. "ಉಷ್ಣ ಎಲ್ಲಿಂದ ಬಂತಮ್ಮಾ? ಕಾಲು ನೋಡಿ, ಮಂಜುಗಡ್ಡೆ! ಇದು ಶೀತ. ಶುಂಠಿ ಪಟ್ಟು ಹಾಕ್ಬೇಕು."

"ನಂಗೇನೂ ಬೇಡ, ಕತ್ತಲೆ ಸಾಕು," ಎಂದು ಚನ್ನಕೇಶವ ಗೋಗರೆದ. ಅವನ ತಲೆಯ ವಿಚಾರದಲ್ಲಿ ಅವನನ್ನು ಕೇಳುವವರಾರು? ಪಂಚಾಯಿತಿ ನಡೆದು ಹಣೆ ಪಾಲಾಯಿತು. ಎಡಕ್ಕೆ ಗಂಧ, ಬಲಕ್ಕೆ ಶುಂಠಿ, ನೆತ್ತಿಗೆ ಒದ್ದೆ ಬಟ್ಟೆ, ಕಾಲು ಬಿಸಿನೀರಿನ ಬಕೆಟ್ಟಿನಲ್ಲಿ. ಆಶ್ಚರ್ಯವೆಂದರೆ ನೋವು ಒಂದಿಷ್ಟು ಸಡಿಲವಾಗತೊಡಗಿತು.

ಅಷ್ಟರಲ್ಲಿ ಬಾಗಿಲಲ್ಲಿ ವೆಂಕಟರಾಮಯ್ಯನವರು! ಎಡಗಣ್ಣು ಮುಚ್ಚಿತ್ತು. ಥರ್ಮಾಮೀಟರ್ ಒದರಿ ಅವನ ಬಾಯಿಗಿಟ್ಟರು.

"ತೊಂಬತ್ತೇಳು! ವಿಪರೀತ ಜ್ವರ ಅಂದ್ರಲ್ರೀ?"

"ಸುಳ್ಳು ಸಾರ್. ಅರೆತಲೆನೋವು. ಬಂದ್ರೆ ಮೈ ತಣ್ಣಗಾಗುತ್ತೆ, ಬೆಳಕು ನೋಡಕ್ಕಾಗಲ್ಲ. ಈಗ ಇವರ ಔಷಧಿಯಿಂದ ಸ್ವಲ್ಪ ವಾಸಿ." ಕೆಲಸ ಹೋಯಿತೆಂದೇ ಅವನು ತಲೆ ತಗ್ಗಿಸಿದ.

ಮ್ಯಾನೇಜರು ಬಾಗಿಲು ಹಾಕಿ, ಮಂಚದ ಅಂಚಿನಲ್ಲಿ ಕುಸಿದು ಕೂತರು. "ನಂಗೂ ಇದೇ ಕಣ್ರೀ. ಎಡಗಡೆ. ನಮ್ಮ ಯಜಮಾನ್ರೂ ಜ್ವರ ತೋರ್ಸು ಅಂತಾರೆ."

ಅವರ ಕಣ್ಣಲ್ಲಿ ನೀರಿತ್ತು. ಚನ್ನಕೇಶವನಿಗೆ ಪಾಪ ಅನ್ನಿಸಿತು. ಕೆಲಸ ಉಳಿಯಿತೆಂದು ಹೋದ ಜೀವ ಬಂದಂತೆಯೂ ಆಯಿತು.

ಮ್ಯಾನೇಜರು ಥರ್ಮಾಮೀಟರ್ ತೊಳೆದು ಈ ಸಲ ತಮ್ಮ ಬಾಯಿಗಿಟ್ಟುಕೊಂಡರು. ತೆಗೆದು ನೋಡಿದವರ ಮುಖ ಅರಳಿತು.

"ತೊಂಬತ್ತೆಂಟು! ನಿಮಗಿಂತ ಒಂದು ಡಿಗ್ರಿ ಜಾಸ್ತಿ. ರೂಲ್ಸ್ ಅಂದ್ರೆ ರೂಲ್ಸ್. ಏಳಿ, ಡಿಪೊ ನೋಡ್ಕೊಳ್ಳಿ."

ಸ್ವಲ್ಪ ಹೊತ್ತಿಗೆಲ್ಲ ಮ್ಯಾನೇಜರು ಮಂಚದ ಮೇಲಿದ್ದರು, ಅವರ ಕಾಲು ಬಕೆಟ್ಟಿನಲ್ಲಿತ್ತು, ದೊಡ್ಡಮುನಿಯಮ್ಮ ಮತ್ತೆ ಗಂಧ ತೇಯುತ್ತಿದ್ದಳು. ಚನ್ನಕೇಶವ ಬೀಗದ ಕೈ ಹಿಡಿದು, ಸುಡುಬಿಸಿಲಿನಲ್ಲಿ ಬಲಗಣ್ಣು ಮುಚ್ಚಿಕೊಂಡು ಡಿಪೊ ತಲುಪಿದ.

ಆ ಮುಚ್ಚಿದ ಕಣ್ಣು ಕಂಡದ್ದೇ ಹಮಾಲಿಗಳೆಲ್ಲ ಬೀಡಿ ಎಸೆದು ಎದ್ದು ನಿಂತರು.