ಬಾರದ ಹುಳುವಿಗಾಗಿ ಮೂಗಿನಲ್ಲಿ ಬೀಡುಬಿಟ್ಟಿರುವ ಸಿಬ್ಬಂದಿಯ ತೆರವಿನ ಕುರಿತು

ದೇಹರಕ್ಷಣಾ ಇಲಾಖೆ, ನಾಸಿಕ ವಿಭಾಗ
ಕ್ರಮಾಂಕ: ದೇರಇ/ನಾಸಿಕ/ಊತ/ಎಡ ಮತ್ತು ಬಲ
ಸ್ಥಳ: ಮನ್ನೂಬಿಯಾ ಅವರ ಮುಖದ ಮಧ್ಯಭಾಗ, ನಾಬುಲ್, ಟ್ಯುನೀಷಿಯಾ

ಸುತ್ತೋಲೆ

ವಿಷಯ: ದೀರ್ಘಕಾಲದ ಸೈನಸ್ ಊತ ಹಾಗೂ ಪಾಲಿಪ್ ಗಂಟುಗಳಲ್ಲಿ ಸಿಬ್ಬಂದಿಯ ಪಾತ್ರ.
ಉಲ್ಲೇಖ: ನಾದಿನಿ ಸಲೂಹಾ ಅವರ ಮೌಖಿಕ ದೂರು.

ಓಣಿಯ ಕಹಿಕಿತ್ತಳೆ ಹೂವೆಲ್ಲವೂ ಮನ್ನೂಬಿಯಾ ಅವರ ತಾಮ್ರದ ಭಟ್ಟಿಗೆ ಬರುವುದು ವಾಡಿಕೆ. ಇಳಿಯುವ ಹೂನೀರನ್ನು ಅವರು ಮೂಸಿ "ಸಾಕು" ಎಂದೊಡನೆ ಒಲೆ ಆರಿಸತಕ್ಕದ್ದು. ಆ ಮಾತಿಗೆ ಮೇಲ್ಮನವಿಯಿಲ್ಲ. ಈ ವಸಂತದಲ್ಲಿ ವಾಸನೆ ತಿಳಿಯದ ಕಾರಣ "ಸಾಕು" ಎಂಬುದು ಬರಲೇ ಇಲ್ಲ. ಹೂವು ತಳಹಿಡಿಯಿತು. ತದನಂತರದ ಸಂಭಾಷಣೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ:

ಸಲೂಹಾ: "ಏನತ್ತಿಗೆ, ಈ ವರ್ಷ ಹೂವು ಬಿಟ್ಟು ಇದ್ದಿಲು ಬೇಯಿಸಿದ್ರಾ?"
ಮನ್ನೂಬಿಯಾ: "ದಿದ್ದ ದಾಲಿಗೆ ಬೇಯಿಸ್ದೆ ಕಡೆ, ಅದೇ ಬೊದಲು ಸೀದ್ಹೋಯ್ತು."
ಸಲೂಹಾ: "ಮುಂದೆ ಆ ಘಮಘಮಿಸೋ ಅತರ್ಶಿಯಾ ಎಲೆ ಬೇಯಿಸೋ ಹೊತ್ತಿಗೂ ನಿಮ್ಮ ಮೂಗು ಹೀಗೇ ಇದ್ರೆ ಭಟ್ಟಿ ನಮ್ಮನೆಗೆ ಬರುತ್ತೆ. ಈಗ್ಲೇ ಹೇಳಿದೀನಿ."

"ನಿನ್ನ ನಾಲಿಗೆ" ಎಂಬುದರ ನಕಾರವು ದಕಾರವಾಗಿ, "ಕಣೆ" ಎಂಬುದರ ಣಕಾರವು ಡಕಾರವಾಗಿ, "ಮೊದಲು" ಎಂಬುದರ ಮಕಾರವು ಬಕಾರವಾಗಿ ಹೊರಬಿದ್ದಿರುವುದನ್ನು ಇಲಾಖೆಯು ಗಂಭೀರವಾಗಿ ಪರಿಗಣಿಸಿದೆ. ಆದ್ದರಿಂದ ಸಂಬಂಧಪಟ್ಟ ಎಲ್ಲ ಕೋಶಗಳಿಗೆ ಈ ಮೂಲಕ ಸೂಚಿಸಲಾಗಿದೆ:

೧. ಇಯೋಸಿನೊಫಿಲ್ ಎಂಬ ಬಿಳಿರಕ್ತಕಣಗಳ ದಳವನ್ನು ನೇಮಿಸಿರುವುದು ದೇಹಕ್ಕೆ ನುಗ್ಗುವ ಪರಾವಲಂಬಿ ಹುಳುಗಳೊಡನೆ ಹೋರಾಡಲು. ಸದರಿ ಮೂಗಿನಲ್ಲಿ ಹುಳು ಎಂದೂ ಇರಲಿಲ್ಲ. ಶೂನ್ಯ ಹುಳುವನ್ನು ಎಷ್ಟು ಸಿಬ್ಬಂದಿಗೆ ಹಂಚಿದರೂ ತಲಾ ಪಾಲು ಶೂನ್ಯವೇ. ಹೆಚ್ಚುವರಿ ಸಿಬ್ಬಂದಿಯ ಬೇಡಿಕೆಯನ್ನು ತಿರಸ್ಕರಿಸಲಾಗಿದೆ.

೨. ಸದರಿ ದಳವು ವಿಷಕಣಗಳನ್ನು ಎರಚಿ ಮೂಗಿನ ಒಳಪೊರೆಯನ್ನು ತಾನೇ ಹರಿದು, ಪೊರೆಯು ಕೂಗಿಕೊಂಡಾಗ ಶತ್ರು ಬಂದನೆಂದು ಮತ್ತೆ ಎರಚುವ ಪದ್ಧತಿಯನ್ನು ರದ್ದುಪಡಿಸಲಾಗಿದೆ. ಹರಿದವರೇ ದೂರುದಾರರಾಗತಕ್ಕದ್ದಲ್ಲ.

೩. ಸಹಾಯಕ ಟಿ ಕೋಶಗಳು ಸದರಿ ದಳಕ್ಕೆ ಕರೆಯೋಲೆ ಕಳುಹಿಸುವುದನ್ನು ನಿಲ್ಲಿಸತಕ್ಕದ್ದು. "ಸಹಾಯಕ" ಎಂಬುದು ಪದನಾಮವೇ ಹೊರತು ಆದೇಶವಲ್ಲ.

೪. ಸೀನು ಬರಿಸುವ ಮಾಸ್ಟ್ ಕೋಶಗಳು ಪ್ರತಿ ಸೀನಿಗೂ ಪೂರ್ವಾನುಮತಿ ಪಡೆಯತಕ್ಕದ್ದು. ಅರ್ಧ ಸೀನಿದಾಗ ಅನುಮತಿ ರದ್ದಾದಲ್ಲಿ ಉಳಿದರ್ಧವನ್ನು ಮುಂದಿನ ವಸಂತದ ಲೆಕ್ಕಕ್ಕೆ ಜಮೆ ಮಾಡಲಾಗುವುದು.

೫. ಪೊರೆಯು ಊದಿ ಜೋತುಬಿದ್ದ ಪಾಲಿಪ್ ಗಂಟುಗಳು ಅನಧಿಕೃತ ನಿರ್ಮಾಣಗಳಾಗಿದ್ದು, ವಾಸನೆಯ ಹಾದಿಯನ್ನು ಒತ್ತುವರಿ ಮಾಡಿವೆ. ಅವುಗಳನ್ನು ಸಕ್ರಮಗೊಳಿಸಲಾಗದು. ದ್ರಾಕ್ಷಿಯಂತೆ ಕಾಣುತ್ತವೆಂಬ ಕಾರಣಕ್ಕೆ ದ್ರಾಕ್ಷಿ ಬೆಳೆಗಾರರ ಸವಲತ್ತು ಕೋರತಕ್ಕದ್ದಲ್ಲ.

೬. ವೈದ್ಯರು ಸೂಚಿಸಿದ ಉಪ್ಪುನೀರು, ಸ್ಟೀರಾಯ್ಡ್ ಸಿಂಪರಣೆ ಹಾಗೂ ಕರೆಯೋಲೆ ತಡೆಯುವ ಚುಚ್ಚುಮದ್ದು ತೆರವು ಅಧಿಕಾರಿಗಳಾಗಿ ಬರಲಿವೆ. ಅವರನ್ನೂ ಹುಳುಗಳೆಂದು ಭಾವಿಸಕೂಡದು.

ಪಾಲನಾ ವರದಿ (ನಂತರ ಸೇರಿಸಿದ್ದು)

ತೆರವು ನಿಧಾನವಾಗಿ ನಡೆಯಿತು. ಅತರ್ಶಿಯಾ ಭಟ್ಟಿಯ ದಿನ ಓಣಿಯವರೆಲ್ಲ ನೆರೆದಿರಲು, ಸಲೂಹಾ ಅವರು ಒಂದು ಸೀಸೆಯನ್ನು ಮುಂದೊಡ್ಡಿ "ಇದು ಈಗ ಇಳಿದದ್ದು, ಮೂಸಿ ಹೇಳಿ ಅತ್ತಿಗೆ" ಎಂದರು. ಮನ್ನೂಬಿಯಾ ಅವರು ಮೂಸಿದರು. ಬಳಿಕ ಭಟ್ಟಿಯ ನಳಿಗೆಯನ್ನೂ ಮೂಸಿದರು.

"ಇದು ಹೋದ ವರ್ಷದ್ದು ಕಣೆ ಸಲೂಹಾ. ಮೊದಲು ಇದರಲ್ಲಿ ನೀನು ಆಲಿವ್ ಎಣ್ಣೆ ಇಟ್ಟಿದ್ದೆ, ನೆಟ್ಟಗೆ ತೊಳೆದೂ ಇಲ್ಲ. ಮನ್ನೂಬಿಯಾನ ಮೂಗಿಗೇ ಪರೀಕ್ಷೇನಾ? ಹೂಂ, ಸಾಕು. ಒಲೆ ಆರಿಸು."

ಸಲೂಹಾ ಅವರೇ ಒಲೆ ಆರಿಸಿದರು. ಸದರಿ ಹೇಳಿಕೆಯಲ್ಲಿ ಮಕಾರ, ನಕಾರ, ಣಕಾರಗಳೆಲ್ಲವೂ ಸ್ವಸ್ಥಾನದಲ್ಲಿದ್ದುದನ್ನು ದೃಢೀಕರಿಸಲಾಗಿದೆ.

ಸಹಿ/-
ವಿಭಾಗಾಧಿಕಾರಿ (ನಾಸಿಕ)
ಇಲಾಖೆಯ ಪರವಾಗಿ

ಪ್ರತಿಗಳು:
೧. ಎಡ ಮತ್ತು ಬಲ ಹೊಳ್ಳೆಗಳಿಗೆ, ಜಂಟಿ ಪಾಲನೆಗಾಗಿ.
೨. ಬಾಯಿಗೆ: ಉಸಿರಾಟದ ಹೆಚ್ಚುವರಿ ಪ್ರಭಾರದಿಂದ ಬಿಡುಗಡೆಗೊಳಿಸಿದೆ, ಮಾತಿನ ಪ್ರಭಾರ ಮುಂದುವರಿಯುತ್ತದೆ.
೩. ಹುಳುವಿಗೆ: ವಿಳಾಸದಾರರು ಪತ್ತೆಯಾಗದೆ ಹಿಂದಿರುಗಿದೆ.
೪. ಶ್ರೀಮತಿ ಸಲೂಹಾ ಅವರಿಗೆ, ಸೀಸೆಯನ್ನು ತೊಳೆದು ತರುವ ಸಲುವಾಗಿ.