ಫ್ಯಾನಿಗೆ ಕಟ್ಟಿದ ಗೂಡು

ಧೂಳು ಒರೆಸಲು ಹೋಗಿ ಬಾಳು ಕೆಡಿಸಿಕೊಂಡವರು ಹೊಸನಗರದಲ್ಲಿ ಬೇರೆ ಯಾರಿದ್ದಾರೋ ಗೊತ್ತಿಲ್ಲ, ನಿರಂಜನನಂತೂ ಇದ್ದಾನೆ.

ಅವನ ಮನೆಯ ಕಂಪ್ಯೂಟರಿಗೆ ಒಂದು ಕೆಟ್ಟ ಚಾಳಿ. ಹಚ್ಚಿದ ಸ್ವಲ್ಪ ಹೊತ್ತಿಗೆ ಕಾದು ಕಾವಲಿಯಾಗಿ, ಹೇಳದೆ ಕೇಳದೆ ಆರಿಹೋಗುತ್ತಿತ್ತು. ಬೇರೆ ದಿನವಾಗಿದ್ದರೆ ಅವನೂ ಅದರ ಜೊತೆ ಮಲಗಿಬಿಡುತ್ತಿದ್ದ. ಆದರೆ ಅವತ್ತು ಮಧ್ಯಾಹ್ನ ಮೂರಕ್ಕೆ ಸಹಕಾರ ಸಂಘವೊಂದರ ಗುಮಾಸ್ತೆ ಕೆಲಸಕ್ಕೆ ಆನ್‌ಲೈನ್ ಪರೀಕ್ಷೆ. ಮನೆಯಲ್ಲೇ ಕೂತು ಬರೆಯಬೇಕು, ಮೊಬೈಲಿನಲ್ಲಿ ಆಗದು, ಕ್ಯಾಮೆರಾದ ಮುಂದೆ ಇನ್ನೊಂದು ಮುಖ ಕಂಡರೆ ಪರೀಕ್ಷೆ ರದ್ದು. ಗುತ್ತಿಗೆ ಕೆಲಸ ಮುಗಿದು ಮನೆ ಹಿಡಿದಿದ್ದ ನಿರಂಜನನಿಗೆ ಈ ವರ್ಷ ದಾಟಿದರೆ ಅರ್ಜಿ ಹಾಕುವ ವಯಸ್ಸೂ ದಾಟುತ್ತಿತ್ತು.

ಒಳಗೆ ಧೂಳು ಕೂತರೆ ಹೀಗೆ ಕಾಯುತ್ತದೆಂದು ಮೊಬೈಲಿನಲ್ಲಿ ಯಾರೋ ಪುಣ್ಯಾತ್ಮ ಹೇಳಿದ್ದ. ನಿರಂಜನ ಬೆಳಿಗ್ಗೆಯೇ ಪೇಂಟಿನ ಬ್ರಷ್ಷು, ಸ್ಕ್ರೂಡ್ರೈವರ್ ಹಿಡಿದು ಕೂತ. ಕೀಬೋರ್ಡನ್ನು ಬೋರಲು ಹಾಕಿ ತಟ್ಟಿದರೆ ಅವಲಕ್ಕಿ, ಶೇಂಗಾ ಸಿಪ್ಪೆ, ಹೆಂಡತಿ ಪ್ರತಿಮಾ ಹುಡುಕಿ ಹುಡುಕಿ ಕೈಬಿಟ್ಟಿದ್ದ ಸೇಫ್ಟಿ ಪಿನ್ನು ಉದುರಿದವು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹುಮ್ಮಸ್ಸಿನಲ್ಲಿ ಪೆಟ್ಟಿಗೆಯ ಪಕ್ಕದ ಮುಚ್ಚಳವನ್ನೂ ಬಿಚ್ಚಿದ.

ಒಳಗಿನ ಫ್ಯಾನಿನ ರೆಕ್ಕೆಗಳನ್ನೇ ಹಿಡಿದುಕೊಂಡು ಒಂದು ಮಣ್ಣಿನ ಗೂಡು ಕೂತಿತ್ತು. ಪುಟ್ಟ ಪುಟ್ಟ ಮಡಿಕೆಗಳನ್ನು ಒತ್ತೊತ್ತಾಗಿ ಅಂಟಿಸಿದ ಹಾಗೆ, ಬಾಯಿ ಮುಚ್ಚಿದ, ಗಟ್ಟಿಯಾಗಿ ಒಣಗಿದ ಗೂಡು.

"ಸಿಕ್ಕಿದ್ಯಾ ಕಳ್ಳ!" ಎಂದು ನಿರಂಜನ ಸ್ಕ್ರೂಡ್ರೈವರ್ ಎತ್ತಿದ. ಚಾ ತಂದ ಅವನಮ್ಮ ಹೂವಮ್ಮ ಲೋಟ ಬಿಟ್ಟು ಕೂಗಿಕೊಂಡಳು.

"ಮುಟ್ಟಬ್ಯಾಡ ಅದನ್ನ! ಮುಟ್ಟಿದ್ರೆ ನನ್ನಾಣೆ ನೋಡು!"

"ಎಂತದಮ್ಮಾ? ಹುಳದ ಗೂಡು ಅದು."

"ಕುಂಬಾರ ಹುಳದ ಗೂಡು ಕಣಾ! ಅದು ಗೂಡು ಕಟ್ಟಿದ್ ಮನೇಲಿ ಹೆಂಗಸು ಬಸುರಿ ಅಂತ ಲೆಕ್ಕ. ಒಡದ್ರೆ ಹೊಟ್ಟೇಲಿದ್ದದ್ದು ನಿಲ್ಲೂದಿಲ್ಲ." ಹೂವಮ್ಮ ಒಳಗೆ ತಿರುಗಿದಳು. "ಪ್ರತಿಮಾ! ಬಾರೆ ಇಲ್ಲಿ. ನಿಂಗೆ ಏನಾದ್ರೂ...?"

ಪ್ರತಿಮಾ ತಲೆ ತಗ್ಗಿಸಿ, "ಇಲ್ಲ ಅತ್ತೆ" ಎಂದಳು.

"ಈಗಿಲ್ದಿದ್ರೆ ಆಗ್ತದೆ. ಹುಳಕ್ಕೆ ನಮಗಿಂತ ಮೊದಲೇ ಗೊತ್ತಾಗ್ತದೆ."

ಮದುವೆಯಾಗಿ ಒಂಬತ್ತು ವರ್ಷ. ಸಾಗರದ ಡಾಕ್ಟರು, ತೀರ್ಥಹಳ್ಳಿಯ ಡಾಕ್ಟರು, ಹರಕೆ, ಕಷಾಯ ಎಲ್ಲ ಮುಗಿದು, ಆ ಮಾತನ್ನೇ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಪ್ರತಿಮಾ ಬಗ್ಗಿ ಗೂಡನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಮರಿ ಒಳಗೇ ಇರ್ತದೇನ್ರೀ?" ಎಂದು ಕೇಳಿದಳು.

ಅವಳು ಹಾಗೆ ಆಸೆಯಿಂದ ಏನನ್ನಾದರೂ ಕೇಳಿ ಎಷ್ಟೋ ಕಾಲವಾಗಿತ್ತು. ನಿರಂಜನನಿಗೆ ಸಂಕಟವಾಯಿತು. ಇದೆಲ್ಲ ಸುಳ್ಳೆಂದು ಹೇಳಲು ಬಾಯಿ ಬರಲಿಲ್ಲ. ಸ್ಕ್ರೂಡ್ರೈವರನ್ನು ಕೆಳಗಿಟ್ಟ.

ಫ್ಯಾನನ್ನೇ ಗೂಡಿನ ಸಮೇತ ಬಿಚ್ಚಿ ಜೋಪಾನವಾಗಿ ಬೇರೆ ಕಡೆ ಇಡಬಹುದೇ ಎಂದು ಕೇಳಲು ಬ್ಯಾಕೋಡಿನ ಪೂರ್ಣೇಶನಿಗೆ ಫೋನ್ ಮಾಡಿದ. ಹೋದ ತಿಂಗಳು ಈ ಹಳೆಯ ಕಂಪ್ಯೂಟರನ್ನು ಅವನಿಗೆ ದಾಟಿಸಿದ ಗೆಳೆಯ ಅವನೇ.

"ಎಂತ, ಕುಂಬಾರ ಹುಳದ ಗೂಡಾ?" ಪೂರ್ಣೇಶ್ ಗಾಬರಿಯಾದ. "ಒಡದ್ಯೇನಾ?"

"ಇಲ್ಲ ಮಾರಾಯ. ಅಮ್ಮ ಬಿಡ್ತಿಲ್ಲ."

"ನಿಮ್ಮಮ್ಮಂಗೆ ಪುಣ್ಯ ಬರ್ಲಿ. ಫ್ಯಾನೂ ಮುಟ್ಟಬ್ಯಾಡ, ಎಂತದೂ ಮುಟ್ಟಬ್ಯಾಡ. ನಾನೇ ಬರ್ತೀನಿ."

ಗೆಳೆಯನೆಂದರೆ ಹೀಗಿರಬೇಕು ಎಂದು ನಿರಂಜನನ ಕಣ್ಣು ಒದ್ದೆಯಾಯಿತು.

ಅಷ್ಟರಲ್ಲಿ ಸುದ್ದಿ ಬೇಲಿ ಹಾರಿತ್ತು. ಪಕ್ಕದ ಮನೆಯ ಗುತ್ಯಮ್ಮ ಅರಿಶಿನ ಕುಂಕುಮದ ತಟ್ಟೆ ಹಿಡಿದೇ ಬಂದಳು. ಮದರ್‌ಬೋರ್ಡಿಗೆ ಕುಂಕುಮ ಇಡಹೊರಟವಳ ಕೈಯನ್ನು ನಿರಂಜನ ಹಿಡಿದುಕೊಳ್ಳಬೇಕಾಯಿತು.

"ಗುತ್ಯಕ್ಕಾ, ಕರೆಂಟಿನ ಸಾಮಾನು ಅದು! ನಂಗೆ ಮೂರು ಗಂಟೆಗೆ ಪರೀಕ್ಷೆ ಇದೆ. ಕಾದು ಆರಿಹೋದ್ರೆ ನನ್ ಕತೆ ಮುಗೀತು."

"ಕಾಯ್ತದೆ ಅಂತಾದ್ರೆ ಗಾಳಿ ಹಾಕಿದ್ರಾತಪ್ಪ. ಬಸುರಿಗೆ ಸೆಕೆ ಆದ್ರೆ ಹಾಕಲ್ವಾ? ನಮ್ಮನೆ ಟೇಬಲ್ ಫ್ಯಾನ್ ತರ್ತೀನಿ ತಡಿ."

ಹೇಳಿದ್ದು ಗುತ್ಯಮ್ಮನಾದರೂ ಮಾತು ಸರಿಯಾಗಿತ್ತು. ಮುಚ್ಚಳ ತೆಗೆದ ಪೆಟ್ಟಿಗೆಗೆ ಟೇಬಲ್ ಫ್ಯಾನಿನ ಗಾಳಿ ಬಿದ್ದದ್ದೇ ಕಂಪ್ಯೂಟರ್ ತಣ್ಣಗೆ ಓಡತೊಡಗಿತು. ಒಂದೇ ತೊಡಕು. ಆ ಫ್ಯಾನು ನಡುನಡುವೆ ಮುನಿಸಿಕೊಂಡು ನಿಲ್ಲುತ್ತಿತ್ತು. ಹಿಂದಿನಿಂದ ಇಂಥ ಕಡೆಯೇ ಒಂದು ಪೆಟ್ಟು ಹಾಕಬೇಕು. ಆ ಜಾಗ ಗುತ್ಯಮ್ಮನಿಗೆ ಮಾತ್ರ ಗೊತ್ತು.

"ನಾನು ಮೇಜಿನ ಅಡೀಗೆ ಕೂತಿರ್ತೀನಿ. ನಿನ್ ಕ್ಯಾಮೆರಾಕ್ಕೆ ಕಂಡ್ರೆ ಕೇಳು" ಎಂದು ಅವಳು ಸೀರೆ ಎತ್ತಿ ಕಟ್ಟಿ ಒಳಗೆ ತೂರಿದಳು. ಬೇರೆ ದಾರಿ ಇರಲಿಲ್ಲ.

ಪರೀಕ್ಷೆ ಶುರುವಾಯಿತು. ಮೊದಲ ಪ್ರಶ್ನೆಗಳು ಸುಲಭವಿದ್ದವು. ಬಡ್ಡಿ ಲೆಕ್ಕವೂ ತಾನಾಗಿಯೇ ಬಂತು. ಎರಡು ಸಲ ಫ್ಯಾನ್ ನಿಂತಿತು, ಎರಡು ಸಲವೂ ಕೆಳಗಿನಿಂದ ಧಪ್ ಎಂದು ಪೆಟ್ಟು ಬಿದ್ದು ತಿರುಗಿತು. ಈ ಸಲ ಕೆಲಸ ಸಿಕ್ಕೇ ಸಿಗುತ್ತದೆ ಎಂದು ನಿರಂಜನನಿಗೆ ಧೈರ್ಯ ಬಂತು. ಮೂರನೆಯ ಸಲ ಪೆಟ್ಟು ಬೀಳಲಿಲ್ಲ. ಕೂತು ಕೂತು ಗುತ್ಯಮ್ಮನ ಕಾಲು ಜೋಮು ಹಿಡಿದಿತ್ತು.

"ಅಯ್ಯಯ್ಯೋ, ನನ್ ಕಾಲು!" ಎನ್ನುತ್ತಾ ಅವಳು ಮೇಜಿನ ಅಂಚು ಹಿಡಿದು ಅವನ ಭುಜದ ಪಕ್ಕದಲ್ಲಿ ಎದ್ದು ನಿಂತಳು. ಪರದೆಯ ಮೂಲೆಯಲ್ಲಿ ಅವಳ ದುಂಡು ಮುಖ ಹುಣ್ಣಿಮೆಯ ಚಂದ್ರನಂತೆ ಮೂಡಿತು. ತನ್ನನ್ನೇ ಕಂಡು ಖುಷಿಯಾಗಿ, "ಅರೆ, ನಾನೂ ಬಂದ್ನಲ್ಲಾ!" ಎಂದಳು.

ಪರದೆ ಕೆಂಪಾಯಿತು. ಬೇರೆ ವ್ಯಕ್ತಿ ಕಂಡುಬಂದಿರುವುದರಿಂದ ಪರೀಕ್ಷೆ ರದ್ದಾಗಿದೆ ಎಂಬ ಒಂದು ಸಾಲು ಮೂಡಿ, ಎಲ್ಲ ಮುಗಿಯಿತು.

ನಿರಂಜನ ಎಷ್ಟೋ ಹೊತ್ತು ಕುರ್ಚಿ ಬಿಟ್ಟು ಏಳಲಿಲ್ಲ. ಸಿಟ್ಟು ಮಾಡಿದರೆ ಯಾರ ಮೇಲೆ ಮಾಡುವುದು? ಒಳಗೆ ಪ್ರತಿಮಾ ಅಮ್ಮನ ಜೊತೆ ಮಾತಾಡುತ್ತಾ ನಗುತ್ತಿದ್ದಳು. ಅವಳ ನಗು ಕೇಳಿ ಅವನ ಸಂಕಟ ಸ್ವಲ್ಪ ಇಳಿಯಿತು. ಕೆಲಸ ಹೋದರೆ ಹೋಯಿತು, ಮನೆಗೆ ಇಷ್ಟಾದರೂ ಬಂತಲ್ಲ ಎಂದುಕೊಂಡ. ಅಮ್ಮನ ಮಾತು ನಿಜವೇ ಆಗಿಬಿಟ್ಟರೆ ಎಂದು ಒಂದು ಗಳಿಗೆ ತಾನೂ ನಂಬಿದ.

ಸಂಜೆ ಪೂರ್ಣೇಶ್ ಬಂದ. ಬೈಕಿನಲ್ಲಲ್ಲ, ಬಾಡಿಗೆ ಓಮ್ನಿಯಲ್ಲಿ. ಕೈಯಲ್ಲಿ ಸ್ವೀಟಿನ ಪೊಟ್ಟಣ, ಹೆಗಲ ಮೇಲೆ ದಪ್ಪ ಕಂಬಳಿ. ಜಗಲಿಯಲ್ಲೇ ನಿಂತು ನಾಚಿಕೊಳ್ಳುತ್ತಾ ಹೇಳಿದ:

"ತಪ್ಪು ತಿಳ್ಕೋಬ್ಯಾಡ ನಿರಂಜನ. ನಮ್ಮನೇವ್ಳಿಗೆ ಈಗ ಮೂರು ತಿಂಗಳು. ಇಷ್ಟು ವರ್ಷದ ಮೇಲೆ ಅಂತ ಯಾರ ಹತ್ರನೂ ಹೇಳಿರ್ಲಿಲ್ಲ. ನೀನು ಫೋನ್ ಮಾಡಿದ್ ಮೇಲೆ ನಮ್ಮಮ್ಮ ಅನ್ನ ಮುಟ್ಟಿಲ್ಲ. ಗೂಡು ಮನೆಗೆ ಬರೂ ತನಕ ಊಟ ಮಾಡಲ್ಲ ಅಂತ ಕೂತಾಳೆ."

"ಯಾವ ಗೂಡು? ಅದು ನಮ್ಮನೇದು!" ಹೂವಮ್ಮ ಬಾಗಿಲಿಗೆ ಅಡ್ಡ ನಿಂತಳು.

ಗುತ್ಯಮ್ಮ ನ್ಯಾಯ ಹೇಳಲು ಮುಂದೆ ಬಂದಳು. "ಜಗಳ ಬ್ಯಾಡ. ನಿರಂಜನ, ನಿಜ ಹೇಳು. ಈ ಪೆಟ್ಟಿಗೆ ಯಾವಾಗಿಂದ ಕಾದು ಆರಿಹೋಗ್ತಿತ್ತು?"

ನಿರಂಜನ ಪ್ರತಿಮಾಳ ಮುಖ ನೋಡಿದ. ಸುಳ್ಳು ಹೇಳಬೇಕೆಂದು ಬಹಳ ಆಸೆಯಾಯಿತು. ಆದರೆ ಆಚೆ ಪೂರ್ಣೇಶ್ ಹೆಗಲ ಮೇಲಿನ ಕಂಬಳಿಯನ್ನು ತೆಗೆದು ಎದೆಗೆ ಅವಚಿಕೊಂಡಿದ್ದ.

"ತಂದ ದಿನದಿಂದ" ಎಂದ.

"ಆತಲ್ಲ ಮತ್ತೆ! ಅದು ಬ್ಯಾಕೋಡಿನ ಹುಳ" ಎಂದು ಗುತ್ಯಮ್ಮ ತೀರ್ಪು ಕೊಟ್ಟಳು. ಹೂವಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಬಾಗಿಲು ಬಿಟ್ಟಳು.

ಕಂಪ್ಯೂಟರಿನ ದುಡ್ಡನ್ನು ಹೆರಿಗೆಯಾದ ಮೇಲೆ ವಾಪಸ್ ಕೊಡುವುದಾಗಿ ಹೇಳಿ ಪೂರ್ಣೇಶ್ ಪೆಟ್ಟಿಗೆಯ ಒಂದು ಬದಿ ಹಿಡಿದ, ನಿರಂಜನ ಇನ್ನೊಂದು ಬದಿ. ಓಮ್ನಿಯ ಹಿಂದಿನ ಸೀಟಿನ ಮೇಲೆ ಇಡುವಾಗ ಪ್ರತಿಮಾ ಹಿಂದೆಯೇ ಬಂದಳು. ಕಂಬಳಿ ಸಾಲದೆಂದು, ಬೀರುವಿನ ತಳದಲ್ಲಿ ಒಂಬತ್ತು ವರ್ಷದಿಂದ ಮಡಿಸಿಟ್ಟಿದ್ದ ಮೆತ್ತನೆಯ ಹಳೇ ಸೀರೆಯ ತುಂಡುಗಳನ್ನೆಲ್ಲ ತಂದು ಗೂಡಿನ ಸುತ್ತ ಒಂದೊಂದಾಗಿ ಒತ್ತಿದಳು.

"ನಿಧಾನ ಹೋಗ್ಲಿ ಪೂರ್ಣೇಶಣ್ಣ" ಎಂದಳು. "ರಸ್ತೇಲಿ ಹೊಂಡ ಜಾಸ್ತಿ."